ಈಗ ನುಡಿಸ್ತಿರೋದು ಯಾರು? ಡ್ವೇನ್ ಆಲ್‌ಮನ್‌ನ 24 ವರ್ಷ

ಈ ಜಗಳ ನಮ್ಮ ಹಾಸ್ಟೆಲ್ ರೂಮಿನಲ್ಲಿ ಎಷ್ಟು ಸಲ ಆಗಿದೆಯೋ ಲೆಕ್ಕ ಇಟ್ಟಿಲ್ಲ. ಹಾಡು ಶುರುವಾಗತ್ತೆ, ಗಾಯಕ ಎರಡು ಚರಣ ಹಾಡಿ ಸುಮ್ಮನಾಗ್ತಾನೆ, ಗಿಟಾರು ಮುಂದೆ ಬರತ್ತೆ. ನಮ್ಮಲ್ಲಿ ಅರ್ಧ ಜನ ಡ್ವೇನ್ ಅಂತೀವಿ, ಉಳಿದರ್ಧ ಬೆಟ್ಸ್ ಅಂತೀವಿ. ಸೋತವರು ಟೀ ಕೊಡಿಸಬೇಕು. ಹೆಡ್‌ಫೋನ್ ಹಾಕೋ ಹಾಗಿಲ್ಲ. ಯಾಕಂದ್ರೆ ರೆಕಾರ್ಡಿಂಗ್ ಮಿಕ್ಸ್ ಮಾಡುವಾಗ ಎರಡು ಗಿಟಾರುಗಳನ್ನೂ ಎಡಕ್ಕೊಂದು ಬಲಕ್ಕೊಂದು ಸರಿಸಿಟ್ಟಿದ್ದಾರೆ, ಒಂದು ಕಿವಿ ಮುಚ್ಚಿದರೆ ಉತ್ತರ ಸಿಕ್ಕಿಬಿಡತ್ತೆ. ಅದು ಕಾಪಿ ಹೊಡೆದ ಹಾಗೆ. ಮೇಜಿನ ಮೇಲಿರೋ ಹಳೇ ಸ್ಪೀಕರಿನಲ್ಲೇ ಕೇಳಿ ಹೇಳಬೇಕು.

ಬ್ಯಾಂಡಿನ ಹೆಸರು ಆಲ್‌ಮನ್ ಬ್ರದರ್ಸ್ ಬ್ಯಾಂಡ್. ಊರು ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್. ಜ್ಯಾಮ್ ಬ್ಯಾಂಡ್ ಅನ್ನೋ ಮಾತು ಬಳಕೆಗೆ ಬರುವ ಮುಂಚೆಯೇ ಅದನ್ನು ಮಾಡಿ ತೋರಿಸಿದವರಲ್ಲಿ ಇವರೂ ಒಬ್ಬರು. ಅಂದರೆ, ಹಾಡು ಬರೀ ಚೌಕಟ್ಟು. ವೇದಿಕೆ ಹತ್ತಿದ ಮೇಲೆ ಒಳಗೇನು ತುಂಬುತ್ತೆ ಅನ್ನೋದು ಆ ರಾತ್ರಿಗೆ ಬಿಟ್ಟದ್ದು. ನಮ್ಮ ಕಛೇರಿಗಳಲ್ಲಿ ಮನೋಧರ್ಮ ಅಂತಾರಲ್ಲ, ಹಾಗೆ. ಇಲ್ಲಿ ಗಿಟಾರು ಹಿಡಿದು ಮುಂದೆ ನಿಂತವರು ಇಬ್ಬರು: ಡ್ವೇನ್ ಆಲ್‌ಮನ್ ಮತ್ತು ಡಿಕಿ ಬೆಟ್ಸ್. (ಎರಡನೇ ಹೆಸರು ಕೇಳಿ ಕಾರಿನ ಹಿಂಭಾಗ ನೆನಪಾದರೆ ತಪ್ಪು ನಿಮ್ಮದಲ್ಲ, ನಮಗೂ ಆಯ್ತು.) ಇಬ್ಬರ ಕೈಯಲ್ಲೂ ಗಿಬ್ಸನ್ ಗಿಟಾರು, ಇಬ್ಬರ ಹಿಂದೆಯೂ ಮಾರ್ಷಲ್ ಆಂಪ್ಲಿಫೈಯರ್. ಸರ್ಕ್ಯೂಟು ಹೆಚ್ಚುಕಮ್ಮಿ ಒಂದೇ. ನಮ್ಮಲ್ಲೊಬ್ಬರು ಲ್ಯಾಪ್‌ಟಾಪಿನಲ್ಲಿ ಎಫ್‌ಎಫ್‌ಟಿ ಹಾಕಿ ನೋಡಿದರು. ಸುಂದರವಾದ ಗ್ರಾಫ್ ಬಂತು, ಉತ್ತರ ಬರಲಿಲ್ಲ. ವ್ಯತ್ಯಾಸ ಇರೋದು ಬೆರಳಲ್ಲಿ, ಅದರ ಹಿಂದಿನ ತಲೆಯಲ್ಲಿ. ಹಾಗಾಗಿ ಕಿವಿಗೆ ಪಾಠ ಆಗಬೇಕಾದರೆ ಆ ಮನುಷ್ಯ ಯಾರು ಅಂತ ತಿಳೀಬೇಕಾಯ್ತು.

ಡ್ವೇನ್ ಹುಟ್ಟಿದ್ದು 1946ರ ನವೆಂಬರ್ 20ರಂದು, ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ಮುಂದಿನ ವರ್ಷ ತಮ್ಮ ಗ್ರೆಗ್ ಹುಟ್ಟಿದ. ಅಪ್ಪ ಸೈನ್ಯದಲ್ಲಿದ್ದವರು. 1949ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ ಮಾರನೇ ದಿನ, ಅವರು ತಮ್ಮ ಕಾರಿನಲ್ಲಿ ಹತ್ತಿಸಿಕೊಂಡ ಅಪರಿಚಿತನೊಬ್ಬ ಅವರನ್ನು ಕೊಂದ. ದೊಡ್ಡ ಮಗನಿಗೆ ಆಗ 3 ವರ್ಷ. ತಾಯಿ ಜೆರಾಲ್ಡಿನ್ ಲೆಕ್ಕಪತ್ರದ ಓದು ಓದಿ ಕೆಲಸ ಹಿಡಿಯಬೇಕಾಗಿ ಬಂದು, ಮಕ್ಕಳನ್ನು ಕೆಲಕಾಲ ಮಿಲಿಟರಿ ಶಾಲೆಯ ಹಾಸ್ಟೆಲಿಗೆ ಹಾಕಿದರು. ಅಲ್ಲಿನ ಶಿಸ್ತು ಹುಡುಗರಿಗೆ ಒಗ್ಗಲಿಲ್ಲ. 1957ರಲ್ಲಿ ಮೂವರೂ ಫ್ಲಾರಿಡಾದ ಡೇಟೋನಾ ಬೀಚ್‌ಗೆ ಬಂದರು.

ಗಿಟಾರು ಮೊದಲು ಹಿಡಿದವನು ತಮ್ಮ. ಪೇಪರ್ ಹಾಕಿ ದುಡ್ಡು ಕೂಡಿಸಿ ಅಗ್ಗದ ಗಿಟಾರೊಂದನ್ನು ಗ್ರೆಗ್ ಕೊಂಡ. ಅಣ್ಣನಿಗೆ ಸಿಕ್ಕಿದ್ದು ಮೋಟಾರ್ ಸೈಕಲ್. ಅದನ್ನು ಅವನು ಓಡಿಸಿದ ರೀತಿಗೆ ಅದು ಬೇಗ ಪುಡಿಯಾಯ್ತು. ತಮ್ಮನ ಗಿಟಾರು ಕಿತ್ತುಕೊಂಡು ನುಡಿಸೋದು, ಅದಕ್ಕೆ ಇಬ್ಬರೂ ಹೊಡೆದಾಡೋದು ಮನೆಯಲ್ಲಿ ದಿನಚರಿ ಆಯ್ತು. ಕೊನೆಗೆ ಮುರಿದ ಗಾಡಿಯ ಬಿಡಿಭಾಗಗಳನ್ನು ಕೊಟ್ಟು ಡ್ವೇನ್‌ಗೆ ಒಂದು ಗಿಟಾರು ಬಂತು. ಅಲ್ಲಿಂದ ಮುಂದೆ ಅವನು ಶಾಲೆ ಬಿಟ್ಟ. ಎಡಗೈಯವನಾದರೂ ಬಲಗೈಯವರ ಹಾಗೇ ಗಿಟಾರು ಹಿಡಿದು, ಮನೆಯಲ್ಲಿ ಕೂತು ರೆಕಾರ್ಡಿನ ಮುಳ್ಳು ಎತ್ತಿ ಎತ್ತಿ ಹಿಂದಕ್ಕಿಟ್ಟು ಕಲಿತ. ಇಷ್ಟು ಹೊತ್ತಿಗೆ ತಮ್ಮನನ್ನು ದಾಟಿ ಎಷ್ಟೋ ದೂರ ಹೋಗಿದ್ದ. ಇಪ್ಪತ್ನಾಲ್ಕಕ್ಕೇ ಹೋದ ಹುಡುಗನನ್ನು ಅವರು ಅಂತ ಕರೆಯೋಕೆ ನಮಗೆ ಬಾಯಿ ಬರ್ತಿಲ್ಲ, ಕ್ಷಮಿಸಿ. ಪಿಜಿ ಮಾಡ್ತಿರೋ ಸೀನಿಯರ್‌ಗಳ ವಯಸ್ಸು ಅದು.

ಅಣ್ಣತಮ್ಮ ಸೇರಿ ಒಂದೆರಡು ಬ್ಯಾಂಡ್ ಕಟ್ಟಿದರು. 1967ರಲ್ಲಿ ಅವರ್ ಗ್ಲಾಸ್ ಅನ್ನೋ ಬ್ಯಾಂಡ್ ಮಾಡಿಕೊಂಡು ಲಾಸ್ ಏಂಜಲೀಸ್‌ಗೆ ಹೋದರು. ಕಂಪನಿಯವರು ಇವರಿಗೆ ಬೇಕಾದ್ದನ್ನು ನುಡಿಸೋಕೆ ಬಿಡಲಿಲ್ಲ. ಎರಡು ಆಲ್ಬಂ ಬಂದವು, ಹೋದವು. ಆ ಕಾಲದಿಂದ ಉಳಿದ ಲಾಭ ಒಂದು ಔಷಧದ ಬಾಟಲಿ. ಗ್ರೆಗ್ ಹೇಳಿಕೊಂಡಿದ್ದ ಕಥೆ ಇದು. ಕುದುರೆಯಿಂದ ಬಿದ್ದು ಮೊಣಕೈ ಪೆಟ್ಟು ಮಾಡಿಕೊಂಡ ಡ್ವೇನ್ ತಮ್ಮನ ಮೇಲೇ ಸಿಟ್ಟಾಗಿ ಮಾತು ಬಿಟ್ಟಿದ್ದ. ಅಣ್ಣನ ಹುಟ್ಟುಹಬ್ಬಕ್ಕೆ ಗ್ರೆಗ್ ತಾಜ್ ಮಹಲ್ ಅನ್ನೋ ಬ್ಲೂಸ್ ಗಾಯಕನ ಮೊದಲ ಆಲ್ಬಮ್ಮನ್ನೂ, ನೆಗಡಿ ಇದ್ದದ್ದರಿಂದ ಒಂದು ಸೀಸೆ ಕೋರಿಸಿಡಿನ್ ಮಾತ್ರೆಯನ್ನೂ ಬಾಗಿಲಲ್ಲಿಟ್ಟು ಓಡಿಹೋದ. ಸ್ವಲ್ಪ ಹೊತ್ತಿಗೆ ಅಣ್ಣನಿಂದ ಫೋನು. ಹೋಗಿ ನೋಡಿದರೆ ಮಾತ್ರೆಯೆಲ್ಲ ಮೇಜಿನ ಮೇಲೆ, ಸೀಸೆ ತೊಳೆದು ಲೇಬಲ್ ಕಿತ್ತು ಉಂಗುರದ ಬೆರಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸ್ತಾ ಇದ್ದಾನೆ.

ನಮ್ಮ ಪಾಠದ ಮೊದಲ ಸೂತ್ರ ಇಲ್ಲಿ ಸಿಗತ್ತೆ. ಸ್ಲೈಡ್ ಕೇಳಿಸಿದರೆ ಅದು ಡ್ವೇನ್. ಸಾಮಾನ್ಯವಾಗಿ ಗಿಟಾರಿನಲ್ಲಿ ಬೆರಳು ತಂತಿಯನ್ನು ಲೋಹದ ಫ್ರೆಟ್‌ಗೆ ಒತ್ತುತ್ತೆ, ಸ್ವರ ಎಲ್ಲಿರಬೇಕೋ ಅಲ್ಲಿ ಫ್ರೆಟ್ ಅದನ್ನು ನಿಲ್ಲಿಸತ್ತೆ. ಸ್ಲೈಡ್‌ನಲ್ಲಿ ಒತ್ತೋ ಮಾತೇ ಇಲ್ಲ, ಗಾಜು ತಂತಿಯನ್ನು ಸವರಿಕೊಂಡು ಹೋಗತ್ತೆ. ನಮ್ಮ ಗೋಟುವಾದ್ಯದ ತತ್ವವೇ. ಸ್ವರದಿಂದ ಸ್ವರಕ್ಕೆ ಮೆಟ್ಟಿಲಿಲ್ಲ, ಇಳಿಜಾರು. ಕೂದಲೆಳೆ ಆಚೀಚೆ ಆದರೆ ಅಪಸ್ವರ, ಕಾಪಾಡೋಕೆ ಕಿವಿ ಬಿಟ್ಟು ಬೇರೆ ಯಾರೂ ಇಲ್ಲ. ‘ಅಟ್ ಫಿಲ್‌ಮೋರ್ ಈಸ್ಟ್’ ಆಲ್ಬಮ್ಮಿನ ಮೊದಲ ಹಾಡು ‘ಸ್ಟೇಟ್ಸ್‌ಬರೊ ಬ್ಲೂಸ್’ ಹಾಕಿ. ಶುರುವಿನಲ್ಲೇ ಯಾರೋ ಕೂಗಿ ಕರೆದ ಹಾಗೆ ಬರೋದು ಡ್ವೇನ್‌ನ ಸ್ಲೈಡ್. ನಡುವೆ ಸ್ಲೈಡ್ ಇಲ್ಲದೆ ಬರೋ ಸೋಲೋ ಬೆಟ್ಸ್‌ನದು. ಇಷ್ಟು ಗೊತ್ತಾದರೆ ಮೊದಲ ವಾರದ ಟೀ ನಿಮ್ಮದೇ.

ಲಾಸ್ ಏಂಜಲೀಸ್‌ನಿಂದ ಸೋತು ಬಂದ ಡ್ವೇನ್ 1968ರಲ್ಲಿ ಅಲಬಾಮಾದ ಮಸಲ್ ಶೋಲ್ಸ್ ಊರಿಗೆ, ಫೇಮ್ ಸ್ಟುಡಿಯೋಗೆ ಹೋದ. ಕೆಲಸ ಇಲ್ಲ ಅಂದರೂ ಸ್ಟುಡಿಯೋ ಜಾಗದಲ್ಲೇ ಟೆಂಟ್ ಹಾಕಿಕೊಂಡು ಕೂತ ಅಂತ ಮಾಲೀಕ ರಿಕ್ ಹಾಲ್ ಮುಂದೆ ನೆನೆಸಿಕೊಂಡಿದ್ದರು. ಆ ನವೆಂಬರಿನಲ್ಲಿ ವಿಲ್ಸನ್ ಪಿಕೆಟ್ ಹಾಡೋಕೆ ಬಂದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಟರೆ ಇಬ್ಬರು ಮಾತ್ರ ಒಳಗೇ ಉಳಿದರು. ಪಿಕೆಟ್ ಕಪ್ಪು ಗಾಯಕ, ಡ್ವೇನ್ ಉದ್ದ ಕೂದಲಿನ ಹಿಪ್ಪಿ. ಅಂದಿನ ಅಲಬಾಮಾದ ಹೋಟೆಲಿನಲ್ಲಿ ಇಬ್ಬರಿಗೂ ಜನರ ದೃಷ್ಟಿ ತಪ್ಪಿದ್ದಲ್ಲ. ಆ ಊಟದ ಹೊತ್ತಿನಲ್ಲಿ ಡ್ವೇನ್ ಪಟ್ಟುಹಿಡಿದು ಒಪ್ಪಿಸಿದ್ದು ಬೀಟಲ್ಸ್‌ನ ‘ಹೇ ಜೂಡ್’ ಹಾಡೋಣ ಅಂತ. ಬೀಟಲ್ಸ್ ರೆಕಾರ್ಡು ಆಗಿನ್ನೂ ಎಲ್ಲ ಕಡೆ ಓಡ್ತಿತ್ತು, ಹಾಲ್‌ಗೆ ಇದು ಹುಚ್ಚು ಅನಿಸಿತು. ಕೊನೆಯ ಭಾಗದಲ್ಲಿ ಪಿಕೆಟ್ ಕಿರುಚ್ತಾನೆ, ಡ್ವೇನ್ ಗಿಟಾರಿನಲ್ಲಿ ತಿರುಗಿ ಕಿರುಚ್ತಾನೆ. ಇಂಗ್ಲೆಂಡಿನ ಎರಿಕ್ ಕ್ಲ್ಯಾಪ್ಟನ್ ಇದನ್ನು ಕಾರಿನ ರೇಡಿಯೋದಲ್ಲಿ ಕೇಳಿ, ಇದು ಯಾರು ಅಂತ ವಿಚಾರಿಸಿದ. ಅಲ್ಲಿಂದ ಅರೀಥಾ ಫ್ರ್ಯಾಂಕ್ಲಿನ್, ಕಿಂಗ್ ಕರ್ಟಿಸ್, ಬಾಜ್ ಸ್ಕ್ಯಾಗ್ಸ್ ಹೀಗೆ ಹಲವರ ರೆಕಾರ್ಡುಗಳಲ್ಲಿ ಡ್ವೇನ್ ನುಡಿಸಿದ. ಗಾಯಕನ ಸಾಲು ಮುಗಿಯೋ ಜಾಗ ಕಾದು ಉತ್ತರ ಕೊಡೋ ಅಭ್ಯಾಸ ಅವನಿಗೆ ಕೂತದ್ದು ಈ ಕೆಲಸದಲ್ಲೇ ಇರಬೇಕು. ಎರಡನೇ ಸೂತ್ರ ಅಂದ್ರೆ ಇದೇ. ಅವನ ಗಿಟಾರು ಮಾತಾಡುತ್ತೆ, ಕೆಲವು ಸಲ ಜಗಳ ಆಡುತ್ತೆ.

ಈಗ ನಮಗೆ ಮುಖ್ಯ ಅನಿಸಿದ ಜಾಗ. ಮ್ಯಾನೇಜರ್ ಫಿಲ್ ವಾಲ್ಡನ್‌ಗೆ ಬೇಕಾಗಿದ್ದದ್ದು ಡ್ವೇನ್ ಒಬ್ಬನನ್ನೇ ಮುಂದಿಟ್ಟುಕೊಂಡ ಮೂರು ಜನರ ಬ್ಯಾಂಡು. ಆ ಕಾಲಕ್ಕೆ ಅದೇ ಫ್ಯಾಷನ್. ಹೆಂಡ್ರಿಕ್ಸ್ ಹಾಗೆ, ಕ್ಲ್ಯಾಪ್ಟನ್‌ನ ಕ್ರೀಮ್ ಹಾಗೆ. ಒಬ್ಬ ಗಿಟಾರಿಗ, ಎಲ್ಲ ಬೆಳಕೂ ಅವನ ಮೇಲೆ. ಡ್ವೇನ್ 1969ರ ಮಾರ್ಚಿನಲ್ಲಿ ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ಗೆ ಹೋಗಿ ಮಾಡಿದ್ದೇ ಬೇರೆ. ಡ್ರಮ್ಮರ್ ಇಬ್ಬರು: ಜೇಮೊ ಮತ್ತು ಬುಚ್ ಟ್ರಕ್ಸ್. ಬೇಸ್‌ಗೆ ಬೆರ್ರಿ ಓಕ್ಲಿ. ಓಕ್ಲಿಯ ಹಳೇ ಬ್ಯಾಂಡಿನಲ್ಲಿ ಆಗಲೇ ಒಬ್ಬ ಗಟ್ಟಿ ಗಿಟಾರಿಗ ಇದ್ದ, ಅವನೇ ಬೆಟ್ಸ್. ಅವನನ್ನೂ ಸೇರಿಸಿಕೊಂಡ. ಮೊದಲ ಸಲ ಎಲ್ಲರೂ ಸೇರಿ ಗಂಟೆಗಟ್ಟಲೆ ನುಡಿಸಿದ ಮೇಲೆ ಡ್ವೇನ್ ಬಾಗಿಲಿಗೆ ಅಡ್ಡ ನಿಂತು, ಈ ಬ್ಯಾಂಡಿಗೆ ಸೇರಲ್ಲ ಅನ್ನೋರು ತನ್ನ ಜೊತೆ ಹೊಡೆದಾಡಿ ಹೊರಗೆ ಹೋಗಬೇಕು ಅಂದನಂತೆ. ಹಾಡೋಕೆ ತಮ್ಮ ಬೇಕು ಅಂತ ಲಾಸ್ ಏಂಜಲೀಸ್‌ನಲ್ಲಿ ಉಳಿದಿದ್ದ ಗ್ರೆಗ್‌ಗೆ ಫೋನ್ ಮಾಡಿದ. ಮಾರ್ಚ್ 26ಕ್ಕೆ ಗ್ರೆಗ್ ಬಂದ.

ತನ್ನ ಹೆಸರಿನ ಬ್ಯಾಂಡಿನಲ್ಲಿ ತನ್ನಷ್ಟೇ ಚೆನ್ನಾಗಿ ನುಡಿಸೋ ಇನ್ನೊಬ್ಬನನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳೋದು. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಟೀಮುಗಳನ್ನು ನೋಡಿದವರಿಗೆ ಇದೆಷ್ಟು ಅಪರೂಪ ಅಂತ ಬಿಡಿಸಿ ಹೇಳಬೇಕಿಲ್ಲ.

ಬೆಟ್ಸ್ ಡ್ವೇನ್‌ಗಿಂತ ಮೂರು ವರ್ಷ ದೊಡ್ಡವನು. ಫ್ಲಾರಿಡಾದ ಹಳ್ಳಿಗಾಡಿನ ಸಂಗೀತದ ಮನೆ ಅವನದು. ಪಿಟೀಲು, ಬ್ಯಾಂಜೊ, ಕಂಟ್ರಿ ಹಾಡು ಕೇಳಿ ಬೆಳೆದವನು. ಕಿವಿಗೆ ಇದು ತಿಳಿಯೋದು ಹೀಗೆ: ಬೆಟ್ಸ್ ನುಡಿಸಿದ್ದನ್ನು ನೀವು ಸ್ನಾನದ ಮನೆಯಲ್ಲಿ ಗುನುಗಬಹುದು. ಒಂದು ಸಣ್ಣ ಧಾಟಿ ಹಿಡೀತಾನೆ, ಸ್ವಲ್ಪ ಬದಲಿಸಿ ಇನ್ನೊಮ್ಮೆ ಹೇಳ್ತಾನೆ, ಮತ್ತೆ ಬದಲಿಸ್ತಾನೆ. ಸ್ವರಗಳು ದುಂಡಗೆ, ಒಂದೊಂದೂ ಬಿಡಿಬಿಡಿ. ಮೇಜರ್ ಸ್ಕೇಲಿನ ಬಿಸಿಲು ಜಾಸ್ತಿ. ಡ್ವೇನ್‌ನಲ್ಲಿ ಬ್ಲೂಸ್‌ನ ಎಳೆತ ಹೆಚ್ಚು, ಮೊನೆ ಚೂಪು. ಇಬ್ಬರೂ ಸೇರಿ ಒಂದೇ ಧಾಟಿಯನ್ನು ಒಬ್ಬ ಮೇಲೆ ಒಬ್ಬ ಕೆಳಗೆ ನುಡಿಸೋದು ಈ ಬ್ಯಾಂಡಿನ ಗುರುತಾಯ್ತು. ಮುಂದೆ ಎಷ್ಟೋ ರಾಕ್ ಬ್ಯಾಂಡುಗಳು ಈ ಜೋಡಿ ಗಿಟಾರನ್ನು ಎತ್ತಿಕೊಂಡವು.

ಮೇಕನ್‌ನಲ್ಲಿ ಬಿಡಾರ ಹೂಡಿದ ಈ ಆರು ಜನರಲ್ಲಿ ಜೇಮೊ ಕಪ್ಪು, ಉಳಿದವರು ಬಿಳಿಯರು. ದಕ್ಷಿಣದ ಆ ಊರುಗಳಲ್ಲಿ 1969ಕ್ಕೆ ಇದು ದಾರಿಹೋಕರು ತಿರುಗಿ ನೋಡೋ ಸಂಗತಿ. ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್ ಅವರ ಜ್ಯಾಜ್ ರೆಕಾರ್ಡುಗಳನ್ನು ಡ್ವೇನ್‌ಗೆ ಹಚ್ಚಿದವನು ಜೇಮೊ. ಒಂದೇ ಸ್ಕೇಲಿನ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಂತು ಕಟ್ಟಬಹುದು ಅನ್ನೋದು ಅಲ್ಲಿಂದ ಬಂತು. 1970ರಲ್ಲಿ ಸುಮಾರು 300 ದಿನ ರಸ್ತೆಯಲ್ಲೇ ಕಳೆದರು. ಬಿಡುವಿದ್ದಾಗ ಊರಿನ ರೋಸ್ ಹಿಲ್ ಸ್ಮಶಾನದಲ್ಲಿ ಕೂತು ಕಾಲ ಕಳೆಯೋರು. ಅಲ್ಲಿನ ಒಂದು ಗೋರಿಕಲ್ಲಿನ ಹೆಸರನ್ನೇ ಬೆಟ್ಸ್ ತನ್ನ ರಚನೆಗೆ ಇಟ್ಟ: ‘ಇನ್ ಮೆಮೊರಿ ಆಫ್ ಎಲಿಜಬೆತ್ ರೀಡ್’.

1970ರ ಆಗಸ್ಟ್. ಮಯಾಮಿಯಲ್ಲಿ ರೆಕಾರ್ಡಿಂಗಿಗೆ ಬಂದಿದ್ದ ಕ್ಲ್ಯಾಪ್ಟನ್ ಇವರ ಕಾರ್ಯಕ್ರಮಕ್ಕೆ ಬಂದು ಮುಂದೆಯೇ ಕೂತ. ಆ ರಾತ್ರಿ ಶುರುವಾದ ಸ್ನೇಹದಿಂದ ‘ಲೈಲಾ’ ಆಲ್ಬಮ್ಮಿನ ತುಂಬ ಡ್ವೇನ್ ಸೇರಿಕೊಂಡ. ಅಲ್ಲಿ ಇಬ್ಬರನ್ನು ಬೇರ್ಪಡಿಸೋದು ಸುಲಭ, ಕ್ಲ್ಯಾಪ್ಟನ್ ಫೆಂಡರ್, ಡ್ವೇನ್ ಗಿಬ್ಸನ್. ‘ಲೈಲಾ’ ಹಾಡಿನ ಕೊನೆಗೆ ಹಕ್ಕಿ ಕೂಗಿದ ಹಾಗೆ ಕೇಳ್ತದಲ್ಲ, ಅದು ಆ ಔಷಧದ ಸೀಸೆ. ಫ್ರೆಟ್‌ಗಳೆಲ್ಲ ಮುಗಿದ ಮೇಲೂ ತಂತಿ ಉಳಿದಿರತ್ತೆ, ಅವನು ಅಲ್ಲಿಗೂ ಹೋಗಿದ್ದಾನೆ. ಕ್ಲ್ಯಾಪ್ಟನ್ ತನ್ನ ಬ್ಯಾಂಡಿಗೇ ಬಂದುಬಿಡು ಅಂತ ಕರೆದ. ಡ್ವೇನ್ ಒಂದೆರಡು ಕಾರ್ಯಕ್ರಮ ನುಡಿಸಿ ಮೇಕನ್ ಹುಡುಗರ ಹತ್ತಿರ ವಾಪಸ್ ಬಂದ. ಮೂರು ಜನರ ಬ್ಯಾಂಡು ಬೇಡ ಅಂದವನು ಇದನ್ನೂ ಬೇಡ ಅಂದ.

1971ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ರಂಗಮಂದಿರದಲ್ಲಿ ಟಾಮ್ ಡೌಡ್ ಇವರನ್ನು ರೆಕಾರ್ಡ್ ಮಾಡಿದರು. ಜುಲೈನಲ್ಲಿ ಜೋಡಿ ಆಲ್ಬಂ ಬಂತು. ಬರೀ ಏಳು ಹಾಡು. ‘ವಿಪಿಂಗ್ ಪೋಸ್ಟ್’ ಒಂದೇ ಸುಮಾರು 23 ನಿಮಿಷ. ನಮ್ಮ ಕಿವಿಗೆ ನಿಜವಾದ ಪರೀಕ್ಷೆ ಮಾತ್ರ 13 ನಿಮಿಷದ ‘ಎಲಿಜಬೆತ್ ರೀಡ್’. ಶುರುವಿನಲ್ಲಿ ಪಿಟೀಲಿನ ಹಾಗೆ ಉಬ್ಬಿ ಬರೋ ಸ್ವರಗಳು ಬೆಟ್ಸ್‌ನದು. ತಂತಿ ಮೀಟಿದ ಮೇಲೆ ವಾಲ್ಯೂಮ್ ಗುಂಡಿಯನ್ನು ತಿರುಗಿಸಿ ಏರಿಸ್ತಾನೆ, ಹಾಗಾಗಿ ಮೀಟಿನ ಟಕ್ ಅನ್ನೋ ಸದ್ದೇ ಇಲ್ಲ. ಸಿಗ್ನಲ್ ಓದಿದವರಿಗೆ ಗೊತ್ತು, ಅಟ್ಯಾಕ್ ತೆಗೆದುಬಿಟ್ಟರೆ ಕಿವಿ ವಾದ್ಯವನ್ನೇ ಗುರುತಿಸೋಲ್ಲ. ಆಮೇಲೆ ಇಬ್ಬರೂ ಜೋಡಿಯಾಗಿ ಧಾಟಿ. ಮೊದಲ ಸೋಲೋ ಬೆಟ್ಸ್. ನಂತರ ಗ್ರೆಗ್‌ನ ಆರ್ಗನ್. ಅದಾದ ಮೇಲೆ ಡ್ವೇನ್.

ಡ್ವೇನ್ ಅಲ್ಲಿ ಮೆಲ್ಲಗೆ ಶುರು ಮಾಡ್ತಾನೆ. ಏರ್ತಾನೆ, ಡ್ರಮ್ಮುಗಳು ಅಟ್ಟಿಸಿಕೊಂಡು ಬರತ್ವೆ, ಇನ್ನು ಇಲ್ಲಿಂದ ಮೇಲೆ ಜಾಗವಿಲ್ಲ ಅನಿಸೋ ತನಕ ಹೋಗ್ತಾನೆ. ಅಲ್ಲಿಂದ ಪೂರ್ತಿ ಕೆಳಗಿಳಿದು ಮತ್ತೆ ಮೊದಲಿಂದ ಏರ್ತಾನೆ. ಮೊದಲ ಸಲ ಕೇಳಿದಾಗ ನಮ್ಮ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ನಾವು ಮಾಡಿದ ತಪ್ಪೂ ಇಲ್ಲೇ. ಇಷ್ಟವಾದದ್ದೆಲ್ಲ ಡ್ವೇನ್, ಉಳಿದದ್ದು ಬೆಟ್ಸ್ ಅಂತ ಹಂಚಿಬಿಟ್ಟೆವು. ಆ ಪಿಟೀಲಿನ ಸ್ವರಗಳನ್ನೂ, ಅಷ್ಟೇಕೆ ಆ ರಚನೆಯನ್ನೇ ಡ್ವೇನ್ ಲೆಕ್ಕಕ್ಕೆ ಬರೆದಿದ್ದೆವು. ಬೇಗ ಸತ್ತವನ ಹೆಸರು ದೊಡ್ಡದಾಗತ್ತೆ, ಬದುಕುಳಿದವನ ದುಡಿಮೆಯೂ ಆ ಖಾತೆಗೇ ಜಮಾ ಆಗತ್ತೆ. ಬೆಟ್ಸ್ 2024ರವರೆಗೆ ಬದುಕಿದ್ದ. ಈ ತಪ್ಪನ್ನು ಅವನು ಎಷ್ಟು ಸಲ ಕೇಳಿಸಿಕೊಂಡಿರಬಹುದು ಅಂತ ಯೋಚಿಸಿದರೆ ಸಂಕೋಚ ಆಗತ್ತೆ. ಡ್ವೇನ್‌ಗಂತೂ ಈ ಗೊಂದಲ ಇರಲಿಲ್ಲ. ಸ್ಲೈಡ್‌ಗೆ ತಂತಿ ಬೇರೆ ಥರ ಶ್ರುತಿ ಮಾಡಬೇಕು, ಪ್ರತಿ ಸಲ ಬದಲಿಸೋ ಕಷ್ಟ ತಪ್ಪಲಿ ಅಂತ ಅವನಿಗೆ ತನ್ನ ಗಿಬ್ಸನ್ ಎಸ್‌ಜಿ ಗಿಟಾರನ್ನೇ ಕೊಟ್ಟವನು ಬೆಟ್ಸ್.

ಎಲ್ಲ ಚೆನ್ನಾಗಿತ್ತು ಅಂತ ಬರೆದರೆ ಸುಳ್ಳಾಗತ್ತೆ. ಫಿಲ್‌ಮೋರ್ ಆಲ್ಬಮ್ಮಿನ ಹೊದಿಕೆಯಲ್ಲಿ ಆರೂ ಜನ ಬಿದ್ದು ಬಿದ್ದು ನಗ್ತಿದ್ದಾರೆ. ಕಾರಣ, ಫೋಟೋ ತೆಗೆಯೋ ಹೊತ್ತಿಗೆ ಡ್ವೇನ್ ಎದ್ದು ಓಡಿ ಗುರುತಿನವನೊಬ್ಬನಿಂದ ಮಾದಕ ವಸ್ತು ಇಸಕೊಂಡು ಬಂದು ಏನೂ ಆಗದವನ ಹಾಗೆ ಕೂತದ್ದು. ನಗು ಅಲ್ಲಿಗೆ ನಿಲ್ಲಲಿಲ್ಲ. 1971ರ ಹೊತ್ತಿಗೆ ಹೆರಾಯಿನ್ ಬ್ಯಾಂಡನ್ನು ತಿನ್ನುತ್ತಿತ್ತು. ಆಗಸ್ಟಿನಲ್ಲಿ ಗೆಳೆಯ ಕಿಂಗ್ ಕರ್ಟಿಸ್ ನ್ಯೂಯಾರ್ಕಿನಲ್ಲಿ ಇರಿತಕ್ಕೆ ಸಿಕ್ಕಿ ಸತ್ತ. ಕೆಲವೇ ದಿನಗಳ ಮೇಲೆ, ಆಗಸ್ಟ್ 26ರ ರೇಡಿಯೋ ಕಾರ್ಯಕ್ರಮದಲ್ಲಿ, ಡ್ವೇನ್ ಇನ್ನೊಂದು ಹಾಡಿನ ನಡುವೆ ಕರ್ಟಿಸ್‌ನ ‘ಸೋಲ್ ಸೆರೆನೇಡ್’ ಧಾಟಿಯನ್ನು ತಂದು ನುಡಿಸಿದ. ಆ ರೆಕಾರ್ಡಿಂಗ್ ಸಿಗತ್ತೆ, ಕೇಳಿ. ಅಕ್ಟೋಬರಿನಲ್ಲಿ ಅವನೂ ಇನ್ನು ಕೆಲವರೂ ಚಟ ಬಿಡಿಸೋ ಆಸ್ಪತ್ರೆಗೆ ಸೇರಿದರು.

ಆ ಶರತ್ಕಾಲದಲ್ಲಿ ಮುಂದಿನ ಆಲ್ಬಮ್ಮಿಗೆ ರೆಕಾರ್ಡ್ ಆದ ಬೆಟ್ಸ್‌ನ ಹಾಡು ‘ಬ್ಲೂ ಸ್ಕೈ’. ನಮ್ಮ ಟೀ ಪಂದ್ಯದಲ್ಲಿ ಎಲ್ಲರೂ ಒಟ್ಟಿಗೆ ಸೋತದ್ದು ಇದರಲ್ಲೇ. ಮೊದಲ ಸೋಲೋ ಬಂತು. ಬಿಸಿಲು, ಗಾಳಿ, ಮೇಜರ್ ಸ್ಕೇಲು, ಒಂದು ಸ್ವರಕ್ಕೂ ಆತುರವಿಲ್ಲ. ಬೆಟ್ಸ್, ಅಂದೆವು ಎಲ್ಲರೂ. ಚರ್ಚೆಯೇ ಆಗಲಿಲ್ಲ. ಅದು ಡ್ವೇನ್. ಇಬ್ಬರೂ ಕೂಡಿ ನುಡಿಸೋ ಸಾಲು ದಾಟಿದ ಮೇಲೆ ಬರೋದು ಬೆಟ್ಸ್. ನಮ್ಮ ಸೂತ್ರಗಳೆಲ್ಲ ಅಲ್ಲಿಗೆ ಬಿದ್ದುಹೋದವು. ಮತ್ತೆ ಮತ್ತೆ ಕೇಳಿದ ಮೇಲೆ ಈಗ ಗೊತ್ತಾಗತ್ತೆ, ಮೀಟಿನಲ್ಲಿ ಆ ಚೂಪು ಸ್ವಲ್ಪ ಇದೆ, ಸಾಲಿನ ಕೊನೆಗೆ ಮಾತಿನ ಒಂದು ಎಳೆತ ಇದೆ. ಆದರೆ ಅವನು ನುಡಿಸ್ತಿರೋದು ಬೆಟ್ಸ್‌ನ ಭಾಷೆ. ಎರಡೂವರೆ ವರ್ಷ ಪಕ್ಕದಲ್ಲಿ ನಿಂತು ಕಲಿತದ್ದು.

ಅಕ್ಟೋಬರ್ 25ರಂದು ಫಿಲ್‌ಮೋರ್ ಆಲ್ಬಮ್ಮಿಗೆ ಗೋಲ್ಡ್ ಮನ್ನಣೆ ಸಿಕ್ಕಿತು. 29ರಂದು ಮೇಕನ್‌ನಲ್ಲಿ, ಓಕ್ಲಿಯ ಹೆಂಡತಿಯ ಹುಟ್ಟುಹಬ್ಬಕ್ಕೆ ಶುಭಾಶಯ ಹೇಳಿ ಡ್ವೇನ್ ತನ್ನ ಹಾರ್ಲಿ ಡೇವಿಡ್ಸನ್ ಹತ್ತಿ ಹೊರಟ. ಮುಂದೆ ಕ್ರೇನ್ ಹೊತ್ತ ಲಾರಿ ಕೂಡುರಸ್ತೆಯಲ್ಲಿ ತಿರುಗ್ತಾ ಇತ್ತು. ತಪ್ಪಿಸಿಕೊಳ್ಳೋಕೆ ಹೋಗಿ ಬಿದ್ದ, ಗಾಡಿ ಅವನ ಮೇಲೆಯೇ ಬಿತ್ತು. ಒಳಗಿನ ಗಾಯಗಳಿಂದ ಕೆಲವು ಗಂಟೆಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. 25 ತುಂಬೋಕೆ ಮೂರು ವಾರ ಬಾಕಿ ಇತ್ತು. ಪೀಚ್ ಹಣ್ಣಿನ ಲಾರಿ, ಅದಕ್ಕೇ ಮುಂದಿನ ಆಲ್ಬಮ್ಮಿನ ಹೆಸರು ‘ಈಟ್ ಎ ಪೀಚ್’ ಅನ್ನೋ ಕಥೆ ಇಂಟರ್ನೆಟ್ಟಿನಲ್ಲಿ ಓಡಾಡ್ತಿದೆ, ನಂಬಬೇಡಿ. ಮರುವರ್ಷ ನವೆಂಬರ್ 11ರಂದು, ಅಲ್ಲಿಂದ ಕೆಲವೇ ಬೀದಿ ಆಚೆ, ಓಕ್ಲಿಯೂ ಮೋಟಾರ್ ಸೈಕಲ್ ಅಪಘಾತದಲ್ಲೇ ಸತ್ತ. ಅವನಿಗೂ 24. ಇಬ್ಬರೂ ರೋಸ್ ಹಿಲ್‌ನಲ್ಲಿ ಅಕ್ಕಪಕ್ಕ ಇದ್ದಾರೆ.

ಡ್ವೇನ್‌ನ ಜಾಗಕ್ಕೆ ಬ್ಯಾಂಡು ಆಗ ಇನ್ನೊಬ್ಬ ಗಿಟಾರಿಗನನ್ನು ತರಲಿಲ್ಲ. ಬೆಟ್ಸ್ ಒಬ್ಬನೇ ಮುಂದೆ ನಿಂತ. 1973ರಲ್ಲಿ ‘ರ್‍ಯಾಂಬ್ಲಿನ್ ಮ್ಯಾನ್’, ‘ಜೆಸಿಕಾ’ ಎರಡೂ ಅವನಿಂದ ಬಂದವು. ಆ ಹಾಡುಗಳಲ್ಲಿ ಯಾರು ಅಂತ ಕೇಳೋ ಜಗಳವೇ ನಮಗೆ ಇಲ್ಲ. ಅದು ಒಂಥರಾ ಖಾಲಿ ಅನಿಸುತ್ತೆ.

‘ಈಟ್ ಎ ಪೀಚ್’ನ ಕೊನೆಯಲ್ಲಿ ಎರಡು ನಿಮಿಷದ ಪುಟ್ಟ ರಚನೆಯೊಂದಿದೆ, ‘ಲಿಟ್ಲ್ ಮಾರ್ಥಾ’. ಪೂರ್ತಿ ತನ್ನೊಬ್ಬನ ಹೆಸರಿನಲ್ಲಿ ಡ್ವೇನ್ ಈ ಬ್ಯಾಂಡಿಗೆ ಮಾಡಿದ್ದು ಇದೊಂದೇ. ಸಾಯೋ ತಿಂಗಳಲ್ಲಿ ರೆಕಾರ್ಡ್ ಆಯ್ತು. ಕನಸಿನಲ್ಲಿ ಹೆಂಡ್ರಿಕ್ಸ್ ಬಂದು ಹೋಟೆಲಿನ ಬಚ್ಚಲಿನ ನಲ್ಲಿಯನ್ನೇ ಗಿಟಾರು ಮಾಡಿಕೊಂಡು ಈ ಧಾಟಿ ತೋರಿಸಿಕೊಟ್ಟ ಅಂತ ಹೇಳಿಕೊಂಡಿದ್ದನಂತೆ. ಡ್ರಮ್ಮಿಲ್ಲ, ಆಂಪ್ಲಿಫೈಯರ್ ಇಲ್ಲ, ಸ್ಲೈಡ್ ಇಲ್ಲ. ಬರೀ ಎರಡು ಅಕೂಸ್ಟಿಕ್ ಗಿಟಾರು, ಡ್ವೇನ್ ಮತ್ತು ಬೆಟ್ಸ್. ಮೊದಲ ಸಲ ಒಂದೇ ಗಿಟಾರು ಅಂತ ಕೇಳಿಸಿತು. ಎಷ್ಟು ಸಲ ಕೇಳಿದರೂ ಇದರ ಮೇಲೆ ಮಾತ್ರ ನಾವು ಟೀ ಕಟ್ಟಿಲ್ಲ.